ಹಳೆಯ ಕಾರಿನ ನಾಲ್ಕು ತಂತಿಗಳು

ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಆದರೂ ತಂದೆಯ ಕಾಲದ ವಾಹನವನ್ನು ಮಾರಲು ಮನಸ್ಸೊಪ್ಪದೆ ಷೆಡ್ಡಿನಲ್ಲಿ ಉಳಿಸಿಕೊಂಡಿರುವ ಸಂಸಾರಗಳು ಇಂದಿಗೂ ಉಂಟು. ಅಂಥ ಮನೆಯಲ್ಲಿ ಒಂದು ಭಾನುವಾರ ಯಜಮಾನರಿಗೆ ಪ್ಲಗ್ಗುಗಳನ್ನು ಉಜ್ಜಿ ಶುಚಿಮಾಡುವ ಉತ್ಸಾಹ ಮೂಡುತ್ತದೆ. ನಾಲ್ಕು ತಂತಿಗಳನ್ನೂ ಒಮ್ಮೆಗೇ ಕಿತ್ತದ್ದಾಗುತ್ತದೆ. ಯಾವುದು ಎಲ್ಲಿಯದೆಂಬ ಪ್ರಶ್ನೆ ಏಳುವುದು ಆಮೇಲೆ! ಕೀಳುವ ಮುನ್ನ ಒಂದೊಂದಕ್ಕೂ ದಾರ ಸುತ್ತಿ, ಒಂದು ಗಂಟು, ಎರಡು ಗಂಟು ಎಂದು ಗುರುತಿಟ್ಟಿದ್ದರೆ ಮುಂದಿನ ಶ್ರಮವೇ ಇರುತ್ತಿರಲಿಲ್ಲ.

ಈ ಕಾರಿನ 1489 ಸಿ.ಸಿ. ಪೆಟ್ರೋಲ್ ಎಂಜಿನ್ನಿನಲ್ಲಿ ರೇಡಿಯೇಟರಿನ ಕಡೆಯದೇ ಮೊದಲನೆಯ ಸಿಲಿಂಡರು. ಕಿಡಿ ಹಾರುವ ಸರದಿ 1, 3, 4, 2. ಗೇರನ್ನು ತಟಸ್ಥದಲ್ಲಿಟ್ಟು, ಸ್ವಿಚ್ಚನ್ನು ಆರಿಸಿ, ಮೊದಲನೆಯ ಪ್ಲಗ್ಗಿನ ರಂಧ್ರಕ್ಕೆ ಬೆರಳೊತ್ತಿ, ಎಂಜಿನ್ನನ್ನು ಹ್ಯಾಂಡಲಿನಿಂದ ಮೆಲ್ಲನೆ ತಿರುಗಿಸತಕ್ಕದ್ದು. ಗಾಳಿ ಬೆರಳನ್ನು ಹೊರದೂಡಿದಾಗ ಪಿಸ್ಟನ್ ಒತ್ತಡದ ಹೊಡೆತದಲ್ಲಿ ಮೇಲೇರುತ್ತಿದೆಯೆಂದು ತಿಳಿಯಬೇಕು. ಕೆಳಗಿನ ಪುಲ್ಲಿಯ ಕಚ್ಚು ಸೂಚಿಗೆ ಎದುರಾಗುವವರೆಗೆ ತಿರುಗಿಸಿ ನಿಲ್ಲಿಸಬೇಕು. ಕಚ್ಚೊಂದನ್ನೇ ನಂಬುವುದು ಸಲ್ಲದು. ಅದು ಪ್ರತಿ ಸುತ್ತಿಗೂ ಎದುರಾಗುತ್ತದೆ. ಕಿಡಿ ಬೇಕಾದದ್ದು ಎರಡು ಸುತ್ತಿಗೊಮ್ಮೆ. ಬಹುಮಂದಿ ಎಡವುವುದು ಇಲ್ಲಿಯೇ. ಈಗ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ ರೋಟರ್ ಯಾವ ಕಡೆಗೆ ಮುಖಮಾಡಿದೆಯೋ ಅದು ಮೊದಲನೆಯ ತಂತಿಯ ಸ್ಥಾನ. ಅಲ್ಲಿಂದ ಅಪ್ರದಕ್ಷಿಣವಾಗಿ 3, 4, 2ರ ತಂತಿಗಳನ್ನು ಸಿಕ್ಕಿಸಬೇಕು.

ತಂತಿ ಸೇರಿತೆಂದರೆ ಕಾಲ ಕೂಡಿತೆಂದಲ್ಲ. ನಿಮಿಷಕ್ಕೆ 3000 ಸುತ್ತು ಓಡುವ ಎಂಜಿನ್ನು ಸೆಕೆಂಡಿನ ಸಾವಿರದ ಒಂದಂಶದಲ್ಲಿ 18 ಡಿಗ್ರಿ ಹೊರಳುತ್ತದೆ. ಅನಿಲ ಹೊತ್ತಿ ಉರಿಯಲು ಸಮಯ ಬೇಕಾದ್ದರಿಂದ ಪಿಸ್ಟನ್ ತುದಿ ಮುಟ್ಟುವುದಕ್ಕೆ ತುಸು ಮುಂಚೆಯೇ ಕಿಡಿ ಹಾರಬೇಕು. ಮೊದಲು ಪಾಯಿಂಟುಗಳ ಅಂತರವನ್ನು 0.015 ಅಂಗುಲಕ್ಕೆ ಸರಿಪಡಿಸಬೇಕು. ಅಂತರ ಬದಲಾದರೆ ಕಾಲವೂ ಬದಲಾಗುತ್ತದೆ. ಬಳಿಕ ಪುಲ್ಲಿಯನ್ನು ಕೈಪಿಡಿ ಹೇಳುವ ಡಿಗ್ರಿಗೆ ನಿಲ್ಲಿಸಿ, 12 ವೋಲ್ಟಿನ ಪುಟ್ಟ ಬಲ್ಬನ್ನು ಡಿಸ್ಟ್ರಿಬ್ಯೂಟರಿಗೆ ಬರುವ ಸಣ್ಣ ತಂತಿಯ ತುದಿಗೂ ಎಂಜಿನ್ನಿನ ಲೋಹಕ್ಕೂ ಜೋಡಿಸಿ ಸ್ವಿಚ್ಚು ಹಾಕಬೇಕು. ಹಿಡಿಕೆಯ ಬೋಲ್ಟನ್ನು ಸಡಿಲಿಸಿ, ದೀಪ ಆರುವವರೆಗೆ ಡಿಸ್ಟ್ರಿಬ್ಯೂಟರನ್ನು ಅಪ್ರದಕ್ಷಿಣವಾಗಿಯೂ, ಅನಂತರ ಅತಿ ನಿಧಾನವಾಗಿ ಪ್ರದಕ್ಷಿಣವಾಗಿಯೂ ತಿರುಗಿಸಬೇಕು. ದೀಪ ಹೊತ್ತಿದ ಕ್ಷಣವೇ ಪಾಯಿಂಟುಗಳು ಬಿಡಿಸಿಕೊಂಡ ಕ್ಷಣ. ಅಲ್ಲಿಗೇ ಬಿಗಿಯಬೇಕು.

ಕಿಡಿ ತಡವಾದರೆ ಕಾರು ಸೋಮಾರಿಯಾಗಿ ಕಾಯುತ್ತದೆ. ಬೇಗನಾದರೆ ಏರಿನಲ್ಲಿ ಟಣಟಣ ಸದ್ದು ಕೇಳಿಸುತ್ತದೆ. ಪಿಸ್ಟನ್ನಿಗೆ ಅದು ಪೆಟ್ಟು. ಹ್ಯಾಂಡಲ್ ಹೊಡೆದು ಎಬ್ಬಿಸುವವರಿಗಂತೂ ಇದು ಮಣಿಕಟ್ಟಿನ ಪ್ರಶ್ನೆ. ಅಕಾಲದ ಕಿಡಿಗೆ ಹ್ಯಾಂಡಲ್ ಹಿಂದಕ್ಕೆ ಜಾಡಿಸಿ ಎಲುಬು ಮುರಿಯಬಲ್ಲುದು. ಆದುದರಿಂದ ಹೆಬ್ಬೆರಳನ್ನು ಹಿಡಿಯ ಸುತ್ತ ಬಳಸದೆ ಉಳಿದ ಬೆರಳುಗಳ ಪಕ್ಕದಲ್ಲಿಯೇ ಇಟ್ಟು, ಕೆಳಗಿನಿಂದ ಮೇಲಕ್ಕೆ ಎಳೆಯತಕ್ಕದ್ದು.