ಚೆಂಡಿನ ಭಕ್ತರಿಗೆ ಉಡುಗೊರೆ

ಉಡುಗೊರೆ ಕೊಡುವುದು ನಮ್ಮ ಜನಕ್ಕೆ ಹೊಸದೇನಲ್ಲ. ಮದುವೆಗೆ ಮುಯ್ಯಿ, ಗೃಹಪ್ರವೇಶಕ್ಕೆ ಪಾತ್ರೆ, ನಾಮಕರಣಕ್ಕೆ ಬೆಳ್ಳಿಯ ಬಟ್ಟಲು, ಮನೆಗೆ ಬಂದ ಹೆಣ್ಣುಮಗಳಿಗೆ ಕುಂಕುಮದೊಡನೆ ರವಿಕೆಯ ಕಣ. ಇವಕ್ಕೆಲ್ಲ ಹಿರಿಯರು ಹಾಕಿಕೊಟ್ಟ ದಾರಿಯುಂಟು. ನಾವು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಆದರೆ ಮನೆಯಲ್ಲಿ ಕಾಲೇಜಿಗೆ ಹೋಗುವ ತರುಣನೊಬ್ಬನಿದ್ದು, ಅವನು ಊಟ ನಿದ್ರೆಗಳಿಗಿಂತಲೂ ಮಿಗಿಲಾಗಿ ಕಾಲ್ಚೆಂಡಾಟವನ್ನು ಪ್ರೀತಿಸುವವನಾದರೆ, ಅವನ ಹುಟ್ಟುಹಬ್ಬಕ್ಕೆ ಏನು ಕೊಡಬೇಕು? ಇದಕ್ಕೆ ಯಾವ ಶಾಸ್ತ್ರದಲ್ಲಿಯೂ ವಿಧಿಯಿಲ್ಲ.

ಹೊಳೆನರಸೀಪುರದ ಪೇಟೆಯಲ್ಲಿ ಒಮ್ಮೆ ಒಬ್ಬ ತಾಯಿ ನನ್ನನ್ನು ತಡೆದು ಇದೇ ಪ್ರಶ್ನೆಯನ್ನು ಕೇಳಿದರು. “ಮೇಷ್ಟ್ರೇ, ಹುಡುಗ ಪಾಸು ಮಾಡಿದ್ದಾನೆ. ಏನಾದರೂ ಕೊಡಿಸೋಣ ಅಂತ ಅವರಪ್ಪನಿಗೂ ಮನಸ್ಸಿದೆ. ಆದರೆ ಇವನಿಗೆ ಆ ಚೆಂಡಿನ ಧ್ಯಾನ ಬಿಟ್ಟರೆ ಬೇರೆ ಇಲ್ಲ. ವಾಚು ಕೊಡಿಸಿದರೆ ಆ ಹುಚ್ಚು ಬಿಟ್ಟೀತೆ?”

“ಇಲ್ಲ, ತಾಯಿ. ಪಂದ್ಯ ಶುರುವಾಗುವ ಹೊತ್ತು ಇನ್ನೂ ಸರಿಯಾಗಿ ಗೊತ್ತಾದೀತು!” ಎಂದೆ.

ಆಕೆ ನಕ್ಕರು. ಆದರೆ ಆ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಅಡಗಿತ್ತು. ಮಗ ಮೆಚ್ಚಿದ್ದನ್ನು ನಾವೂ ಮೆಚ್ಚಬೇಕೆ, ಅಥವಾ ಉಡುಗೊರೆಯ ನೆಪದಲ್ಲಿ ಅವನನ್ನು ಅದರಿಂದ ಬಿಡಿಸಬೇಕೆ? ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬಿಡಿಸುವುದಕ್ಕಾಗಿ ಕೊಟ್ಟದ್ದು ಉಡುಗೊರೆಯಲ್ಲ, ಔಷಧಿ. ಔಷಧಿಯನ್ನು ಹುಟ್ಟುಹಬ್ಬದ ದಿನ ಯಾರೂ ಸಂತೋಷದಿಂದ ಕುಡಿಯರು.

‘ಉಡುಗೊರೆ’ ಎಂಬ ಮಾತಿನಲ್ಲಿ ‘ಉಡು’ ಎಂಬುದು ಕೇಳಿಸುತ್ತದಷ್ಟೆ. ಅದಕ್ಕೇ ಇರಬೇಕು, ಎಲ್ಲರಿಗೂ ಮೊದಲು ಹೊಳೆಯುವುದು ಬಟ್ಟೆ. ಎಂದರೆ ಮೆಚ್ಚಿನ ತಂಡದ ಜೆರ್ಸಿ. ತಪ್ಪಿಲ್ಲ. ಆದರೆ ಎರಡು ಎಚ್ಚರಿಕೆ ಬೇಕು. ಬೆನ್ನ ಮೇಲೆ ಆಟಗಾರನ ಹೆಸರನ್ನು ಬರೆಸುವ ಮುನ್ನ ಅವನು ಆ ತಂಡದಲ್ಲಿ ಇನ್ನೂ ಇದ್ದಾನೆಯೇ ಎಂದು ವಿಚಾರಿಸಿ. ಆಟಗಾರರು ವರ್ಷಕ್ಕೊಂದು ತಂಡ ಬದಲಾಯಿಸುವ ಕಾಲವಿದು. ಎರಡನೆಯದಾಗಿ, ಎದುರಾಳಿಯ ಬಣ್ಣವನ್ನು ಮರೆತೂ ತರಬೇಡಿ. ಬೆಂಗಳೂರಿನ ತಂಡದ ನೀಲಿಯನ್ನು ಧರಿಸುವವನಿಗೆ ಕೇರಳದ ತಂಡದ ಹಳದಿಯನ್ನು ಕೊಟ್ಟರೆ, ಬೀಗರಿಗೆ ಎಲೆ ಹಾಕಿ ಬಡಿಸುವುದನ್ನು ಮರೆತಂತೆ.

ಭಕ್ತರಲ್ಲಿ ಹಲವು ಬಗೆ. ಚೆಂಡಿನ ಭಕ್ತರನ್ನು ನಾನು ಮೂರು ವರ್ಗವಾಗಿ ವಿಂಗಡಿಸುತ್ತೇನೆ: ಆಡುವವರು, ನೋಡುವವರು, ಲೆಕ್ಕವಿಡುವವರು.

ಆಡುವ ಭಕ್ತನಿಗೆ ಚೆಂಡನ್ನೇ ಕೊಡಿ. ನಮ್ಮ ಸೀಮೆಯ ಬಯಲುಗಳಲ್ಲಿ ಕಬಡ್ಡಿ, ವಾಲಿಬಾಲ್, ಕ್ರಿಕೆಟ್ಟುಗಳಿಗೆ ಇರುವ ಬಳಗ ಕಾಲ್ಚೆಂಡಿಗೆ ಇಲ್ಲ. ಚೆಂಡು ತರುವವನೊಬ್ಬನಿದ್ದರೆ ಆಟ. ಇಲ್ಲವಾದರೆ ಆ ಸಂಜೆ ಹಾಳು. ದೊಡ್ಡವರು ಆಡುವುದು 5ನೆಯ ಅಳತೆಯ ಚೆಂಡು. ನಿಯಮದಂತೆ ಅದರ ಸುತ್ತಳತೆ 68ರಿಂದ 70 ಸೆಂಟಿಮೀಟರು, ತೂಕ 410ರಿಂದ 450 ಗ್ರಾಮು. ಜೊತೆಗೆ ಗಾಳಿ ಹೊಡೆಯುವ ಪಂಪನ್ನೂ, ಎರಡು ಸೂಜಿಗಳನ್ನೂ ಇಡಿ. ಸೂಜಿಯನ್ನು ತೇವ ಮಾಡಿ ತೂರಿಸಬೇಕೆಂಬ ಬುದ್ಧಿವಾದವೂ ಸೇರಿರಲಿ. ಒಣ ಸೂಜಿಯಿಂದ ಕೆಟ್ಟ ಚೆಂಡುಗಳು ಎಷ್ಟೋ. ಮೊಣಕಾಲ ಕೆಳಗಿನ ಎಲುಬಿಗೆ ಕಟ್ಟುವ ಕಾಪು ಮರೆಯಬಾರದ ಇನ್ನೊಂದು ವಸ್ತು. ನಿಯಮವೇ ಅದನ್ನು ಕಡ್ಡಾಯ ಮಾಡಿದೆ. ಆದರೂ ಹುಡುಗರು ತಮ್ಮ ಕಾಸಿನಲ್ಲಿ ಅದನ್ನು ಕೊಳ್ಳುವುದು ಕಡೆಗೆ.

ಬೂಟಿನ ವಿಚಾರಕ್ಕೆ ಒಂದು ಚರಿತ್ರೆಯೇ ಇದೆ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ತಂಡದ ಬಹುಮಂದಿ ಬರಿಗಾಲಿನಲ್ಲೇ ಆಡಿ, ಫ್ರಾನ್ಸಿಗೆ 2–1ರಿಂದ ಸೋತರು. ಆ ಒಂದು ಗೋಲನ್ನು ಹೊಡೆದವರು ಸಾರಂಗಪಾಣಿ ರಾಮನ್. ನಾಲ್ಕು ವರ್ಷಗಳ ತರುವಾಯ, 1952ರಲ್ಲಿ, ಹೆಲ್ಸಿಂಕಿಯ ಚಳಿಯಲ್ಲಿ ಯುಗೋಸ್ಲಾವಿಯ ನಮ್ಮನ್ನು 10–1ರಿಂದ ಸೋಲಿಸಿತು. ನಮ್ಮ ಆ ಒಂದು ಗೋಲು ಬೆಂಗಳೂರಿನ ಅಹಮದ್ ಖಾನರದು. ಆ ಸೋಲಿನ ಬಳಿಕವೇ ಭಾರತದ ಆಟಗಾರರಿಗೆ ಬೂಟು ಕಡ್ಡಾಯವಾಯಿತು. ಆದ್ದರಿಂದ ಮಗ ಬೂಟು ಕೇಳಿದಾಗ “ನಮ್ಮ ಕಾಲದಲ್ಲಿ ಬರಿಗಾಲಲ್ಲೇ ಆಡುತ್ತಿದ್ದೆವು” ಎನ್ನುವ ತಂದೆಯರು ಹೆಲ್ಸಿಂಕಿಯನ್ನು ನೆನೆಯುವುದು ಒಳ್ಳೆಯದು. ನಮ್ಮ ಗಟ್ಟಿ ನೆಲಕ್ಕೆ ಅಡಿಯಲ್ಲಿ ಗಿಡ್ಡನೆಯ ರಬ್ಬರು ಗುಬುಟುಗಳಿರುವ ಬೂಟು ತಕ್ಕದ್ದು. ಲೋಹದ ಗುಬುಟುಗಳು ಒದ್ದೆಯಾದ ಮೆತ್ತನೆಯ ಹುಲ್ಲಿಗೆ ಮೀಸಲು.

ಇಲ್ಲಿ ‘ಮಗ’ ಎಂದಲ್ಲೆಲ್ಲ ‘ಮಗಳು’ ಎಂದೂ ಓದಿಕೊಳ್ಳಬೇಕಾಗಿ ಪ್ರಾರ್ಥನೆ. ಅಣ್ಣನ ಹಳೆಯ ಬೂಟಿನೊಳಗೆ ಬಟ್ಟೆ ತುರುಕಿಕೊಂಡು ಆಡುವ ಹುಡುಗಿಯರಿದ್ದಾರೆ. ತನ್ನ ಕಾಲಿನ ಅಳತೆಯ ಬೂಟು ಅಂತಹವಳಿಗೆ ಯಾವ ಒಡವೆಗೂ ಕಡಿಮೆಯಲ್ಲ. “ನೀನು ಆಡಬಹುದು” ಎಂಬ ಮನೆಯವರ ಅಪ್ಪಣೆ ಅದರೊಳಗಿದೆ.

ಎರಡನೆಯ ವರ್ಗದವರು ನೋಡುವ ಭಕ್ತರು. ಇವರ ದೇವರ ದರ್ಶನವೆಲ್ಲ ಅಂಗೈಯಗಲದ ಫೋನಿನ ಪರದೆಯಲ್ಲಿ. ಇವರಿಗೆ ಯಾತ್ರೆ ಮಾಡಿಸಿ. 2013ರಲ್ಲಿ ಹುಟ್ಟಿ, ತನ್ನ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದ ಬೆಂಗಳೂರು ಎಫ್.ಸಿ. 2014ರಿಂದ ಕಂಠೀರವ ಕ್ರೀಡಾಂಗಣವನ್ನು ತವರು ಮಾಡಿಕೊಂಡಿತು. ಅಲ್ಲಿಯ ಪಶ್ಚಿಮ ಭಾಗದಲ್ಲಿ ಪಂದ್ಯ ಮುಗಿಯುವ ತನಕ ನಿಂತೇ ಹಾಡುವ ಒಂದು ಅಭಿಮಾನಿ ಬಳಗವುಂಟು. ಹಾಸನದಿಂದ ಚನ್ನರಾಯಪಟ್ಟಣ, ಶ್ರವಣಬೆಳಗೊಳ, ಕುಣಿಗಲ್ ಮಾರ್ಗವಾಗಿ ಬೆಂಗಳೂರಿಗೆ 2017ರಲ್ಲಿ ರೈಲು ಬಂದ ಮೇಲೆ ಈ ಯಾತ್ರೆ ಸುಲಭವಾಗಿದೆ. ಪಂದ್ಯಗಳು ಬಹುಮಟ್ಟಿಗೆ ರಾತ್ರಿಯವು; ಹಿಂದಿರುಗಲು ಮೆಜೆಸ್ಟಿಕ್ಕಿನಿಂದ ಹಾಸನದ ಹಾದಿಯಾಗಿ ಮಂಗಳೂರಿಗೆ ಹೋಗುವ ರಾತ್ರಿ ಬಸ್ಸುಗಳನ್ನು ಮೊದಲೇ ನೋಡಿಟ್ಟುಕೊಳ್ಳಿ. ಇನ್ನೊಂದು ಮಾತು: ಟಿಕೀಟು ಒಂದನ್ನೇ ಕೊಂಡು ಕೈಗಿಡಬೇಡಿ, ಎರಡು ಕೊಳ್ಳಿ, ನೀವೂ ಹೋಗಿ. ನಿಯಮ ತಿಳಿಯದಿದ್ದರೂ ಚಿಂತೆಯಿಲ್ಲ. ವರ್ಷವೆಲ್ಲ ತಂದೆಯಿಂದ ಪಾಠ ಹೇಳಿಸಿಕೊಂಡ ಹುಡುಗನಿಗೆ, ‘ಆಫ್‌ಸೈಡ್’ ಎಂದರೇನೆಂದು ತಂದೆಗೆ ತಾನೇ ಪಾಠ ಹೇಳುವ ಒಂದು ಸಂಜೆ ದೊರೆಯಲಿ.

ಮೂರನೆಯವರು ಲೆಕ್ಕವಿಡುವವರು. ಯಾರು ಯಾವ ವರ್ಷ ಎಷ್ಟು ಗೋಲು ಹೊಡೆದರೆಂಬುದು ಇವರ ನಾಲಗೆಯ ತುದಿಯಲ್ಲಿ. ಆದರೆ ಈ ಪಾಂಡಿತ್ಯವೆಲ್ಲ ಸ್ಪೇನು, ಇಂಗ್ಲೆಂಡುಗಳದು; ನಮ್ಮ ನಾಡಿನ ಅಧ್ಯಾಯ ಅದರಲ್ಲಿ ಕಾಣದು. ಇವರಿಗೆ ಗಟ್ಟಿ ರಟ್ಟಿನ ದೊಡ್ಡ ನೋಟುಪುಸ್ತಕವೊಂದನ್ನೂ, ಕತ್ತರಿಯನ್ನೂ, ಅಂಟಿನ ಬಾಟಲಿಯನ್ನೂ ಕೊಡಿ. ಪತ್ರಿಕೆಗಳ ಚಿತ್ರಗಳನ್ನು ಕತ್ತರಿಸಿ ಅಂಟಿಸುವ ಹವ್ಯಾಸ ಇನ್ನೂ ಸತ್ತಿಲ್ಲ. ಮೊದಲ ಪುಟವನ್ನು ಮಾತ್ರ ನಿಮ್ಮ ಕೈಯಾರೆ ಬರೆದುಕೊಡಿ: ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ 1946–47, 1952–53, 1967–68, 1968–69ರಲ್ಲಿ ಗೆದ್ದಿತು, ಆಮೇಲೆ ಅರ್ಧ ಶತಮಾನಕ್ಕೂ ಮೀರಿದ ಮೌನ, 2023ರ ಮಾರ್ಚ್ 4ರಂದು ದೂರದ ರಿಯಾದ್ ನಗರದಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಮತ್ತೆ ಗೆದ್ದಿತು. ಇಷ್ಟು ಬರೆಯಲು ಹತ್ತು ನಿಮಿಷ ಸಾಕು. ನಮ್ಮ ನೆಲದಲ್ಲೂ ಈ ಆಟದ ಬೇರುಂಟೆಂಬುದನ್ನು ಆ ಹುಡುಗ ಜೀವಮಾನವಿಡೀ ಮರೆಯನು.

ಇನ್ನು ಮಕ್ಕಳು ಮೊಮ್ಮಕ್ಕಳು ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಓದುತ್ತಿರುವ ಮನೆಗಳವರಿಗೆ ಎರಡು ಮಾತು. ಅಲ್ಲಿ ‘ಫುಟ್‌ಬಾಲ್’ ಎಂದರೆ ಬೇರೆಯ ಆಟವೆಂಬುದು ನೆನಪಿರಲಿ. ಅವರ ಚೆಂಡು ದುಂಡಗಿಲ್ಲ; ನಮ್ಮ ಚನ್ನರಾಯಪಟ್ಟಣದ ಸಿಪ್ಪೆ ಸುಲಿಯದ ತೆಂಗಿನಕಾಯಿಯ ಆಕಾರ. ಹೆಸರು ಕಾಲಿನದು, ಕೆಲಸ ಬಹುಪಾಲು ಕೈಯದು! 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ವಿದ್ಯಾಲಯಗಳ ನಡುವೆ ನಡೆದ ಪಂದ್ಯವನ್ನು ಅಲ್ಲಿಯ ಕಾಲೇಜು ಫುಟ್‌ಬಾಲಿನ ಮೊದಲನೆಯದೆಂದು ಎಣಿಸುತ್ತಾರೆ. ಮಿಷಿಗನ್ ವಿಶ್ವವಿದ್ಯಾನಿಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕುಳಿತುಕೊಳ್ಳಬಹುದು. ಪಂದ್ಯಕ್ಕೆ ಮೊದಲು ಕಾರಿನ ಹಿಂಬಾಗಿಲನ್ನು ತೆರೆದು, ಅಲ್ಲೇ ತಿಂಡಿ ಹರವಿಕೊಂಡು ನಂಟರಿಷ್ಟರೊಡನೆ ಉಣ್ಣುವುದು ಅಲ್ಲಿಯ ಸಂಪ್ರದಾಯ. ಜಾತ್ರೆಯಲ್ಲಿ ಗಾಡಿ ಬಿಟ್ಟು, ಎತ್ತು ಕಟ್ಟಿ, ಬುತ್ತಿ ಬಿಚ್ಚುತ್ತಿದ್ದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಹೀಗಿರುವಾಗ, ಆ ಮೊಮ್ಮಗನಿಗೆ ಇಲ್ಲಿಂದ ಏನು ಒಯ್ಯಬೇಕು? ತಂಡದ ಅಂಗಿ ಟೋಪಿಗಳು ಅಲ್ಲಿಯೇ ಹೇರಳವಾಗಿ ಸಿಗುತ್ತವೆ. ನೀವು ಒಂದು ಡಬ್ಬಿ ಕೋಡುಬಳೆ, ಒಂದು ಡಬ್ಬಿ ಚಕ್ಕುಲಿ ಒಯ್ಯಿರಿ. ಕಾರಿನ ಹಿಂದೆ ನೆರೆಯುವ ಗೆಳೆಯರ ನಡುವೆ ಅವಕ್ಕೆ ಸಲ್ಲುವ ಮರ್ಯಾದೆಯನ್ನು ಅವನೇ ಬರೆದು ತಿಳಿಸುತ್ತಾನೆ. ಇನ್ನೊಂದು, ಕಂಬಳಿ. ನವೆಂಬರ್ ತಿಂಗಳಲ್ಲಿ ಮಿಷಿಗನ್ನಿನ ಬಯಲು ಕ್ರೀಡಾಂಗಣದಲ್ಲಿ ಮೂರು ಗಂಟೆಗೂ ಮೀರಿ ಕೂರುವವರು ಹೊದಿಕೆಯಿಲ್ಲದೆ ಕೂರಲಾರರು. ಮಳೆಗಾಲದಲ್ಲಿ ನಮ್ಮ ಅಜ್ಜಂದಿರು ಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿಯುತ್ತಿದ್ದ, ನಮ್ಮ ಕುರಿಯ ಉಣ್ಣೆಯ ಆ ಕರಿಯ ಕಂಬಳಿ ಅಲ್ಲಿಯ ಚಳಿಗೂ ಬಗ್ಗದು. ಕಂಬಳಿ ನೇಯುವ ಮಗ್ಗಗಳು ವರ್ಷ ವರ್ಷಕ್ಕೆ ವಿರಳವಾಗುತ್ತಿರುವಾಗ, ಈ ಉಡುಗೊರೆಯಿಂದ ನೇಯುವವನಿಗೂ ಒಂದಿಷ್ಟು ಲಾಭವಾದರೆ ಒಳ್ಳೆಯದೇ.

ಇಷ್ಟೆಲ್ಲ ಹೇಳಿದ ಮೇಲೂ “ನಮ್ಮಲ್ಲಿ ಅಷ್ಟು ಅನುಕೂಲವಿಲ್ಲ, ಸ್ವಾಮಿ” ಎನ್ನುವವರು ಇರಬಹುದು. ಅವರಿಗೂ ದಾರಿಯುಂಟು. ಅಂತರ ಕಾಲೇಜು ಪಂದ್ಯದ ದಿನ ಬೇಲಿಯ ಬಳಿ ಬಂದು ಅರ್ಧ ಗಂಟೆ ನಿಲ್ಲಿ. ಸೋತು ಬಂದ ಸಂಜೆ “ಓದಿದ್ದರೆ ಉದ್ಧಾರವಾಗುತ್ತಿದ್ದೆ” ಎನ್ನುವ ಮಾತನ್ನು ಅಂದಿನ ಮಟ್ಟಿಗೆ ನುಂಗಿಕೊಂಡು, ಬಿಸಿ ನೀರು ಕಾಯಿಸಿ ಕೊಡಿ. ಆಟ ಹೇಗಾಯಿತೆಂದು ಕೇಳಿ. ಕೇಳಿದ ಮೇಲೆ ಉತ್ತರ ಮುಗಿಯುವ ತನಕ ಕುಳಿತಿರಿ.

ಕಾಲೇಜಿನ ವರ್ಷಗಳು ಮೂರೋ ನಾಲ್ಕೋ. ಆಮೇಲೆ ಉದ್ಯೋಗ, ಪರಸ್ಥಳ, ಸಂಸಾರ. ಈ ಹುಡುಗರಲ್ಲಿ ಆಟವನ್ನೇ ಜೀವನೋಪಾಯ ಮಾಡಿಕೊಳ್ಳುವವರು ನೂರಕ್ಕೆ ಒಬ್ಬರೂ ಇರಲಾರರು. ಅದು ಅವರಿಗೂ ಗೊತ್ತು. ಮೂವತ್ತರ ವಯಸ್ಸಿನಲ್ಲಿ ಕೈಗೆ ಬಂದ ಚೆಂಡು ಅಟ್ಟ ಸೇರುತ್ತದೆ. ಹತ್ತೊಂಬತ್ತರಲ್ಲಿ ಬಂದದ್ದು ಸವೆದು ಹರಿಯುವ ತನಕ ಬಯಲಿನಲ್ಲಿರುತ್ತದೆ. ಕೊಡುವುದಿದ್ದರೆ ಈ ವರ್ಷವೇ ಕೊಡಿ.