ಸೌದೆ ಸೀಳಿ ಮಾರುವುದು ಲಾಭದಾಯಕವೇ?

ಕಾಫಿ ಸೀಮೆಯಲ್ಲಿ ಮರಗಸಿ ಮಾಡುವ, ಬಯಲುಸೀಮೆಯಲ್ಲಿ ಬದುವಿನ ಮರಗಳನ್ನು ಕೊಯ್ದುಕೊಡುವ ಕಸುಬನ್ನು ಅನೇಕ ರೈತ ಯುವಕರು ಉಪವೃತ್ತಿಯಾಗಿ ಕೈಗೊಂಡಿದ್ದಾರೆ. ಕೂಲಿಯ ಜೊತೆಗೆ ಕೊಂಬೆ, ತುಂಡುಗಳೂ ಅವರ ಪಾಲಿಗೆ ಬರುವುದುಂಟು. ಇವನ್ನು ಹಸಿಯಾಗಿರುವಾಗಲೇ ವ್ಯಾಪಾರಿಗೆ ತೂಗಿ ಕೊಡಬೇಕೋ, ಸೀಳಿ ಒಣಗಿಸಿ ತಾವೇ ಮಾರಬೇಕೋ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಒಣಸೌದೆಗೆ ಬೆಲೆ ಹೆಚ್ಚೆಂಬ ಒಂದೇ ಕಾರಣಕ್ಕೆ ಸಾಲ ಮಾಡಿ ಸೀಳುವ ಯಂತ್ರ ಕೊಳ್ಳಲು ಹೊರಟವರೂ ಇದ್ದಾರೆ. ಅವರು ಮೊದಲು ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕುವುದು ಒಳಿತು.

ಆಗ ತಾನೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರೇ ಇರಬಹುದು. ಇಂತಹ 1,000 ಕಿಲೋ ಹಸಿ ಸೌದೆಯನ್ನು ತೇವಾಂಶ ಶೇಕಡ 20ಕ್ಕೆ ಇಳಿಯುವವರೆಗೆ ಒಣಗಿಸಿದರೆ ಉಳಿಯುವುದು 625 ಕಿಲೋ ಮಾತ್ರ. ಹಸಿ ಸೌದೆಗೆ ಟನ್ನಿಗೆ 2,000 ರೂಪಾಯಿ ಎಂದು ಉದಾಹರಣೆಗಾಗಿ ಇಟ್ಟುಕೊಳ್ಳೋಣ. ಅಷ್ಟೇ ಹಣ ಕೈಸೇರಬೇಕಾದರೆ ಒಣಸೌದೆ ಟನ್ನಿಗೆ 3,200 ರೂಪಾಯಿಗೆ ಮಾರಾಟವಾಗಬೇಕು. ಸೀಳಿ ಒಟ್ಟುವ ಕೂಲಿ 500 ರೂಪಾಯಿ ಸೇರಿಸಿದರೆ 4,000 ರೂಪಾಯಿಗೆ ಅಸಲು ಹೊರಡುತ್ತದೆ. ಲಾಭವೇನಿದ್ದರೂ ಆ ಮೇಲಿನದು. ಮನೆಯವರೇ ಸೀಳಿದರೂ ಅವರ ಕೂಲಿಯನ್ನು ಲೆಕ್ಕದಿಂದ ಬಿಡಬಾರದು.

ಎರಡನೆಯದಾಗಿ, ಕಾಲದ ಪ್ರಶ್ನೆ. ಮರಗಸಿಯ ಸೌದೆ ಬಹುಪಾಲು ಮುಂಗಾರಿಗೆ ಮುಂಚೆ ಕೈಗೆ ಬರುತ್ತದೆ. ಮಲೆನಾಡಿನ ಮಳೆಯಲ್ಲಿ ಅದು ಒಣಗುವುದಿಲ್ಲ. ಮರೆಯಿಲ್ಲದಿದ್ದರೆ ಗೆದ್ದಲು, ಬೂಷ್ಟುಗಳಿಗೆ ತುತ್ತಾಗುತ್ತದೆ. ಮುಂದಿನ ಬೇಸಿಗೆಯವರೆಗೆ ಹಾಕಿದ ಹಣ ಮರಳದು. ಸಾಲದ ಬಡ್ಡಿ ಮಾತ್ರ ಮಳೆಗಾಲವೆಂದು ನಿಲ್ಲುವುದಿಲ್ಲ.

ಮೂರನೆಯದಾಗಿ, ಗಿರಾಕಿ. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಹಳ್ಳಿಗಳಲ್ಲೂ ಅಡಿಗೆ ಅನಿಲದ ಬಳಕೆ ಹೆಚ್ಚಿದೆ. ಮನೆಮನೆಯ ಒಲೆಯನ್ನೇ ನಂಬಿ ಸೌದೆ ಸೀಳುವುದು ಜಾಣತನವಲ್ಲ. ಅಡಿಕೆ ಬೇಯಿಸುವವರು, ಹೋಟೆಲು, ಬೇಕರಿ, ಕಲ್ಯಾಣ ಮಂಟಪಗಳವರು ಸೀಳಿದ ಒಣಸೌದೆಗೆ ಒಳ್ಳೆಯ ಗಿರಾಕಿಗಳು. ಇಟ್ಟಿಗೆ ಗೂಡಿಗಾದರೆ ದಪ್ಪ ತುಂಡುಗಳೂ ನಡೆಯುತ್ತವೆ. ಅಲ್ಲಿಗೆ ಸೀಳಿ ಕೊಡುವ ಶ್ರಮಕ್ಕೆ ಬೆಲೆ ಸಿಕ್ಕುವುದು ಕಡಿಮೆ.

ಹಾಗಾದರೆ ಸೀಳಲೇಬಾರದೇ? ಹಾಗಲ್ಲ. ಸೌದೆ ಬಿಟ್ಟಿಯಾಗಿಯೋ ಅಗ್ಗವಾಗಿಯೋ ದೊರೆತು, ಬೇರೆ ಕೆಲಸವಿಲ್ಲದ ದಿನಗಳಲ್ಲಿ ಆಳುಗಳಿದ್ದು, ಹತ್ತಿರದಲ್ಲೇ ಗಿರಾಕಿ ಮುಂಚಿತವಾಗಿ ಗೊತ್ತಾಗಿದ್ದರೆ ಸೀಳಿ ಮಾರುವುದು ಲಾಭವೇ ಸರಿ. ಆದರೆ ಒಣಸೌದೆಯನ್ನು ಹಸಿ ಸೌದೆಯ ದರದಲ್ಲಿ ತೂಗಿ ಕೊಟ್ಟರೆ ನಷ್ಟ ನಮ್ಮದೇ. ಒಣಸೌದೆಗೆ ಬೇರೆ ದರ ಗೊತ್ತುಮಾಡಬೇಕು, ಇಲ್ಲವೇ ಟ್ರೇಲರ್ ಲೆಕ್ಕದಲ್ಲಿ ಮಾರಬೇಕು. ನೇರವಾದ ದಪ್ಪ ಸಿಲ್ವರ್ ಓಕ್ ದಿಮ್ಮಿಗಳನ್ನು ಸೌದೆಗೆ ಸೀಳದೆ ಪ್ಲೈವುಡ್ ಕಾರ್ಖಾನೆಗೆ ಕೊಡುವುದು ಮೇಲು.

ಸೀಳುವವರು ಹಸಿ ಇರುವಾಗಲೇ ಸೀಳಬೇಕು. ನೀಲಗಿರಿಯಂಥ ಮರ ಒಣಗಿದ ಮೇಲೆ ಕೊಡಲಿಗೆ ಬಗ್ಗುವುದಿಲ್ಲ. ಕಲ್ಲು ಅಥವಾ ಅಡ್ಡಮರಗಳ ಮೇಲೆ, ನೆಲ ಸೋಕದಂತೆ ಒಟ್ಟಿ, ಮೇಲ್ಭಾಗಕ್ಕೆ ಮಾತ್ರ ಮರೆಮಾಡಿ ಪಕ್ಕಗಳಲ್ಲಿ ಗಾಳಿಯಾಡಲು ಬಿಡಬೇಕು.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವನ್ನೂ ಮರೆಯಬಾರದು. ಗ್ರಾಮಾಂತರ ಪ್ರದೇಶದಲ್ಲಿ ಸರ್ವೆ, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್ ಮೊದಲಾದ ಕೆಲವು ಮರಗಳನ್ನು ಕಡಿಯಲು ಅದರಲ್ಲಿ ವಿನಾಯಿತಿಯಿದೆ. ಉಳಿದವಕ್ಕೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಸಾಗಾಣಿಕೆಯ ನಿಯಮಗಳನ್ನು ಅರಣ್ಯ ಕಚೇರಿಯಲ್ಲಿ ವಿಚಾರಿಸಿಯೇ ಗಾಡಿ ತುಂಬಬೇಕು.

ಆದ್ದರಿಂದ ಮರಗೆಲಸದವರು ಕೂಲಿಯನ್ನೇ ಮುಖ್ಯ ಆದಾಯವೆಂದೂ ಸೌದೆಯನ್ನು ಉಪ ಆದಾಯವೆಂದೂ ಎಣಿಸುವುದು ಕ್ಷೇಮವೆಂಬುದು ನನ್ನ ಅಭಿಪ್ರಾಯ. ಮೊದಲ ವರ್ಷ ಕೊಡಲಿ, ಬೆಣೆಗಳಿಂದಲೇ ಎರಡು ಮೂರು ಟ್ರೇಲರ್ ಸೀಳಿ, ಒಣಗಿಸಿ, ಮಾರಿ ನೋಡಲಿ. ಖರ್ಚು ಕಳೆದು ಹಣ ಉಳಿದರೆ ಯಂತ್ರದ ಮಾತು ಆಮೇಲೆ.