ಲೆಕ್ಕಕ್ಕೂ ಬೇಕು ಕೇಸ್ ಶೀಟು

ಬರೆದಿಡದ ಚಿಕಿತ್ಸೆ ಕೊಡದ ಚಿಕಿತ್ಸೆಗೆ ಸಮ ಎಂಬುದು ವೈದ್ಯವೃತ್ತಿಯ ಮೊದಲ ಪಾಠಗಳಲ್ಲೊಂದು. ಯಾವ ಔಷಧ, ಎಷ್ಟು ಪ್ರಮಾಣ, ಯಾವ ಕಾರಣಕ್ಕೆ ಎಂಬುದೆಲ್ಲ ಕೇಸ್ ಶೀಟಿನಲ್ಲಿರಬೇಕು. ಆದರೆ ಅದೇ ರೋಗಿಗಳ ಅಂಕಿ-ಅಂಶಗಳಿಂದ ಗ್ರಾಫ್ ತೆಗೆಯಲು ಕುಳಿತಾಗ ಈ ಶಿಸ್ತು ಎಷ್ಟೋ ವೈದ್ಯರಿಗೆ ನೆನಪಾಗುವುದಿಲ್ಲ. ಎಕ್ಸೆಲ್ ಹಾಳೆಯಲ್ಲಿ ಒಂದು ಸಾಲು ಅಳಿಸಿ, ಇನ್ನೊಂದನ್ನು ತಿದ್ದಿ, ಮೌಸ್ ಒತ್ತಿ ಅಂದದ ಚಿತ್ರ ಪಡೆಯುತ್ತಾರೆ. ಅದು ಹೇಗೆ ಬಂತೆಂದು ಆರು ತಿಂಗಳ ಬಳಿಕ ಕೇಳಿದರೆ ಉತ್ತರವಿರುವುದಿಲ್ಲ.

ನಾನು ಕೆಲಸ ಮಾಡುವ ಬ್ರಿಟನ್ನಿನಲ್ಲಿ ಕಿರಿಯ ವೈದ್ಯರು ಮೊದಲೆರಡು ವರ್ಷ ಸಾಮಾನ್ಯವಾಗಿ ನಾಲ್ಕು ತಿಂಗಳಿಗೊಮ್ಮೆ ವಿಭಾಗ ಬದಲಿಸುತ್ತಾರೆ. ಒಬ್ಬರು ಆರಂಭಿಸಿದ ಆಡಿಟ್ ಅನ್ನು ಮುಂದುವರಿಸಬೇಕಾದವರು ಇನ್ನೊಬ್ಬರು. ಲೆಕ್ಕದ ದಾರಿ ಬರವಣಿಗೆಯಲ್ಲಿ ಇಲ್ಲದಿದ್ದರೆ ಎಲ್ಲವೂ ಮೊದಲಿನಿಂದ.

ಇದರ ಬೆಲೆ ಬರೀ ಸಮಯವಲ್ಲ. ಗೆಡ್ಡೆಯ ಜೀನ್‌ಗಳ ವಿನ್ಯಾಸದಿಂದ ಯಾವ ಕೀಮೋಥೆರಪಿ ಫಲಿಸುತ್ತದೆಂದು ಹೇಳಬಹುದೆಂದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡವೊಂದು 2006ರಲ್ಲಿ ಪ್ರಕಟಿಸಿತು. ಹ್ಯೂಸ್ಟನ್ನಿನ ಸಂಖ್ಯಾಶಾಸ್ತ್ರಜ್ಞರಾದ ಕೀತ್ ಬ್ಯಾಗರ್ಲಿ ಮತ್ತು ಕೆವಿನ್ ಕೂಂಬ್ಸ್ ಆ ಲೆಕ್ಕವನ್ನು ಮರಳಿ ಮಾಡಹೊರಟಾಗ, ಇತರ ದೋಷಗಳ ಜೊತೆಗೆ, ಜೀನ್‌ಗಳ ಪಟ್ಟಿಯೇ ಒಂದು ಸಾಲು ಜಾರಿರುವುದು ಕಂಡಿತು. ಹೆಜ್ಜೆಗಳ ವಿವರ ಸಾಲದ್ದರಿಂದ ಅವರು ಫಲಿತಾಂಶದಿಂದ ಹಿಂದಕ್ಕೆ ನಡೆದು ಪತ್ತೆಹಚ್ಚಬೇಕಾಯಿತು. ಆ ಹೊತ್ತಿಗೆ ಅದೇ ವಿಧಾನವನ್ನು ನಂಬಿ ಕ್ಯಾನ್ಸರ್ ರೋಗಿಗಳ ಮೇಲೆ ಪ್ರಯೋಗಗಳು ನಡೆದಿದ್ದವು. ಪ್ರಬಂಧವನ್ನು ಹಿಂಪಡೆದದ್ದು 2011ರಲ್ಲಿ.

ವೈದ್ಯರಿಗೆ ಪ್ರೋಗ್ರಾಮಿಂಗ್ ಕಲಿಯಲು ಪುರಸೊತ್ತೆಲ್ಲಿ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಬೇಕಾದದ್ದು ಪಾಂಡಿತ್ಯವಲ್ಲ, ಹತ್ತಿಪ್ಪತ್ತು ಸಾಲುಗಳ ಅಭ್ಯಾಸ. ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕ ಮತ್ತು ರಾಬರ್ಟ್ ಜಂಟಲ್‌ಮನ್ 1990ರ ದಶಕದಲ್ಲಿ ರೂಪಿಸಿದ ‘ಆರ್’ ಭಾಷೆ ಇಂದಿಗೂ ಉಚಿತ. ಅದರಲ್ಲಿ ಮೂರು ರೂಢಿಗಳು ಸಾಕು.

ಮೊದಲನೆಯದು, ಮೂಲ ಕಡತವನ್ನು ಮುಟ್ಟದಿರುವುದು. ಪ್ರತಿ ತಿದ್ದುಪಡಿಯೂ ಸ್ಕ್ರಿಪ್ಟಿನ ಒಂದು ಸಾಲಾಗಿರಲಿ.

ಎರಡನೆಯದು, ಸರಾಸರಿಗೆ ಮುನ್ನ ಚುಕ್ಕಿಗಳನ್ನು ನೋಡುವುದು. ಫ್ರಾನ್ಸಿಸ್ ಆನ್‌ಸ್ಕಂಬ್ 1973ರಲ್ಲಿ ರಚಿಸಿದ ನಾಲ್ಕು ದತ್ತಾಂಶಗಳ ಸರಾಸರಿ, ಚದುರುವಿಕೆ, ಸಹಸಂಬಂಧ ಎಲ್ಲವೂ ಹೆಚ್ಚುಕಡಿಮೆ ಒಂದೇ. ಆದರೆ ಚಿತ್ರ ಬಿಡಿಸಿದರೆ ಒಂದು ನೇರ, ಒಂದು ಬಾಗು, ಉಳಿದೆರಡನ್ನು ತಲಾ ಒಂದೊಂದು ಒಂಟಿ ಚುಕ್ಕಿ ಎಳೆದಾಡಿದೆ. ಈ ದತ್ತಾಂಶ ಆರ್‌ನಲ್ಲೇ ಅಡಕವಾಗಿದೆ. ‘ಪ್ಲಾಟ್’ ಎಂಬ ಆಜ್ಞೆಯಿಂದ ಯಾರೂ ನೋಡಬಹುದು.

ಮೂರನೆಯದು, ಏನು ಮಾಡಿದೆ ಎಂಬುದಕ್ಕಿಂತ ಏಕೆ ಮಾಡಿದೆ ಎಂದು ಬರೆಯುವುದು. ಕ್ರಿಯಾಟಿನಿನ್ ಭಾರತದಲ್ಲಿ ಡೆಸಿಲೀಟರಿಗೆ ಮಿಲಿಗ್ರಾಂ. ಇಲ್ಲಿ ಲೀಟರಿಗೆ ಮೈಕ್ರೋಮೋಲ್. 88.4ರಿಂದ ಗುಣಿಸಿದ ಸಾಲನ್ನು ಕಂಡ ಮುಂದಿನವರಿಗೆ ಆ ಸಂಖ್ಯೆ ಒಗಟು. ಹ್ಯಾಶ್ ಚಿಹ್ನೆಯ ಮುಂದೆ ಬರೆದುದನ್ನು ಆರ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಮನುಷ್ಯರು ಓದುತ್ತಾರೆ: “# ಮಿಲಿಗ್ರಾಂನಿಂದ ಮೈಕ್ರೋಮೋಲಿಗೆ ಬದಲಾವಣೆ”. ಹೌದು, ಈ ಟಿಪ್ಪಣಿಯನ್ನು ಕನ್ನಡದಲ್ಲೇ ಬರೆಯಬಹುದು.

ಇದನ್ನು ನಮ್ಮ ನಾಡಿನ ವೈದ್ಯಕೀಯ ಕಾಲೇಜುಗಳ ಹಿರಿಯರ ಮುಂದೆಯೂ ಇಡುತ್ತೇನೆ. ಎಂಡಿ ವಿದ್ಯಾರ್ಥಿ ಪ್ರಬಂಧ ಸಲ್ಲಿಸಲೇಬೇಕು. ಬಹುಪಾಲು ಲೆಕ್ಕ ಇನ್ನೊಬ್ಬರ ಕೈಯಲ್ಲಿ ಮುಗಿದು ಕೋಷ್ಟಕಗಳಷ್ಟೇ ಮರಳುತ್ತವೆ. ಲೆಕ್ಕ ಯಾರೇ ಮಾಡಲಿ, ಸ್ಕ್ರಿಪ್ಟ್ ಪ್ರಬಂಧದ ಅನುಬಂಧದಲ್ಲಿರಲಿ, ರೋಗಿಗಳ ಹೆಸರು ಮಾತ್ರ ಎಲ್ಲೂ ಬೇಡ. ಪರೀಕ್ಷಕರು ವೈವಾದಲ್ಲಿ ಅದರ ಒಂದು ಸಾಲನ್ನು ತೋರಿಸಿ ‘ಇದೇಕೆ?’ ಎಂದು ಕೇಳಲಿ. ಉತ್ತರಿಸಬಲ್ಲ ವಿದ್ಯಾರ್ಥಿ ಮುಂದೆ ಬೇರೆಯವರ ಗ್ರಾಫ್‌ಗಳನ್ನೂ ಪ್ರಶ್ನಿಸದೆ ನಂಬುವುದಿಲ್ಲ; ಅದರ ಲಾಭ ರೋಗಿಗೆ.